ದಿವೆ ಘಾಟಿನ ಪರೀಕ್ಷೆ

ಪುಣೆಯಲ್ಲಿ ಮೋಟಾರು ಓಡಿಸುವವರ ಬಾಯಲ್ಲಿ ‘ಪಾಸಿಂಗ್’ ಎಂದೊಂದು ಮಾತಿದೆ. ಹತ್ತನೆಯ ಇಯತ್ತೆಯ ಮಕ್ಕಳು ಪಾಸಾಗುವುದು ಮಾರ್ಚಿ ತಿಂಗಳ ಪರೀಕ್ಷೆಯಲ್ಲಿ. ಬಾಡಿಗೆಯ ಕಾರು ಪಾಸಾಗುವುದು ತನ್ನ ತಾರೀಖು ಬಂದಾಗ. ಮಕ್ಕಳ ಪರೀಕ್ಷೆಗೆ ಮನೆಮಂದಿಯೆಲ್ಲ ನಿದ್ದೆಗೆಡುವುದು ನಮಗೆಲ್ಲ ಗೊತ್ತು. ಗಾಡಿಯ ಪರೀಕ್ಷೆಗೂ ಒಂದು ಮನೆ ನಿದ್ದೆಗೆಡಬಹುದೆಂಬುದು ನನಗೆ ತಿಳಿದದ್ದು ೨೦೧೯ರ ಏಪ್ರಿಲಿನಲ್ಲಿ.

ನಿಯಮವೇನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಂಘದ ಬಹಳ ಮನೆಗಳ ಮುಂದೆ ಈಗ ಕಾರು ನಿಂತಿರುತ್ತದೆ. ಅದರ ಕಾಗದಪತ್ರಗಳನ್ನು ಬಿಚ್ಚಿ ಓದಿದವರು ಕಡಿಮೆ. ಸ್ವಂತ ಕಾರಿನ ನೋಂದಣಿ ೧೫ ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ಒಯ್ದು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಇದರ ಶುಲ್ಕ ೬೦೦ ರೂಪಾಯಿ ಇದ್ದದ್ದು ೨೦೨೨ರ ಏಪ್ರಿಲಿನಿಂದ ೫,೦೦೦ ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ ೨೦೨೫ರ ಆಗಸ್ಟಿನಿಂದ ೧೦,೦೦೦. ಬಾಡಿಗೆಗೆ ಓಡುವ ಗಾಡಿಯ ಕಟ್ಟುಪಾಡು ಇದಕ್ಕಿಂತ ಬಿಗಿ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ವರ್ಷ ವರ್ಷವೂ ಅದು ತನ್ನ ಮೈಯನ್ನು ತೋರಿಸಿ ‘ಫಿಟ್‌ನೆಸ್ ಸರ್ಟಿಫಿಕೇಟು’ ಪಡೆಯಬೇಕು. ಅದಿಲ್ಲದೆ ಒಂದು ದಿನವೂ ದುಡಿಯುವಂತಿಲ್ಲ.

ನನ್ನ ಅಣ್ಣನ ಮಗ ಇಂಡಿ ತಾಲೂಕಿನಿಂದ ಬಂದವನು. ಮಳೆ ಕೈಕೊಟ್ಟ ಒಂದು ವರ್ಷ ಪುಣೆಗೆ ಬಂದು, ಏಳು ವರ್ಷ ಬೇರೆಯವರ ಗಾಡಿ ಓಡಿಸಿ, ಕೊನೆಗೆ ಕೈಯಲ್ಲಿದ್ದ ಹಣಕ್ಕೆ ಸಾಲ ಕೂಡಿಸಿ ಒಂದು ಹಳೆಯ ಬಿಳಿ ಕಾರು ಕೊಂಡ. ಆ ಕಾರಿನ ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಹೇಳಲಿರುವ ತಪ್ಪು ಕಂಪನಿಯದಲ್ಲ, ನಮ್ಮದು. ಕೊಳ್ಳುವಾಗ ಅದರ ಬಣ್ಣ ನೋಡಿದೆವು, ಸೀಟು ನೋಡಿದೆವು, ಎಂಜಿನ್ನಿನ ಶಬ್ದ ಕೇಳಿದೆವು. ಮಾರಿದವನು ಹಿಂದಿನ ಫಿಟ್‌ನೆಸ್ ಸರ್ಟಿಫಿಕೇಟನ್ನು ತೋರಿಸಿದ. ಅದರ ಮೇಲಿನ ಮೊಹರನ್ನು ಕಂಡು ನಾನೂ ತಲೆಯಾಡಿಸಿದೆ. ಜೀವಮಾನವೆಲ್ಲ ಕಚೇರಿಯಲ್ಲಿ ಕಳೆದವನಿಗೆ ಮೊಹರೆಂದರೆ ನಂಬಿಕೆ.

ಆ ಏಪ್ರಿಲಿನಲ್ಲಿ ಗಾಡಿಗೆ ಒಂಬತ್ತನೆಯ ವರ್ಷ ನಡೆಯುತ್ತಿತ್ತು. ಪಾಸಿಂಗಿನ ತಾರೀಖು ಹತ್ತಿರ ಬಂತು. ಅದೇ ವೇಳೆಗೆ ನಮ್ಮಾಕೆಯೂ ಸಂಘದ ಇನ್ನಿಬ್ಬರು ಹೆಣ್ಣುಮಕ್ಕಳೂ ಪಂಢರಪುರಕ್ಕೆ ಹೋಗುವ ಸಂಕಲ್ಪ ಮಾಡಿದ್ದರು. ಆಷಾಢದ ಗದ್ದಲಕ್ಕೆ ಮೊದಲೇ ವಿಠ್ಠಲನ ದರ್ಶನವಾಗಬೇಕು. ಹೋಗುತ್ತ ಜೇಜೂರಿಯಲ್ಲಿ ಖಂಡೋಬಾನಿಗೆ ಭಂಡಾರ ಏರಿಸಬೇಕು. ಖಂಡೋಬಾ ಎಂದರೆ ನಮ್ಮ ಮೈಲಾರಲಿಂಗನೇ ಅಲ್ಲವೆ? ಗಾಡಿ ಮನೆಯದೇ, ಓಡಿಸುವವನು ಮನೆಯ ಹುಡುಗನೇ, ಇನ್ನೇನು ಬೇಕು? ಪಾಸಿಂಗ್ ಆದ ಮರುವಾರ ಹೊರಡುವುದೆಂದು ಗೊತ್ತಾಯಿತು.

ಪರೀಕ್ಷೆಯ ಹಿಂದಿನ ಸಂಜೆ ಹುಡುಗ ಗಾಡಿಯನ್ನು ನಮ್ಮ ಕರ್ವೆನಗರದ ಮನೆಯ ಮುಂದೆ ತಂದು ನಿಲ್ಲಿಸಿದ. ಅದಕ್ಕೆ ಅಭ್ಯಂಗನವಾಗಿತ್ತು. ಕನ್ನಡಿ ಹೊಳೆಯುತ್ತಿತ್ತು. ಟೈರುಗಳಂತೂ ನಾಲ್ಕೂ ಹೊಸವು! “ಭೇಷ್! ಯಾವಾಗ ಕೊಂಡಿ?” ಎಂದು ಕೇಳಿದೆ. ಅವನು ನಾಚಿಕೊಂಡು ನಕ್ಕ.

“ಕೊಂಡಿಲ್ಲ ಕಾಕಾ. ಗೆಳ್ಯಾಂದು. ನಾಳೆ ಪಾಸಿಂಗ್ ಮುಗಿದ ಕೂಡಲೆ ವಾಪಸ್ ಹಾಕಿ ಕೊಡೂದು.”

ಕಾರಿನ ಟೈರಿನ ಮೇಲಿನ ಗೆರೆಗಳ ಆಳ ೧.೬ ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ನಿಯಮವಿದೆ. ಇವನ ಟೈರುಗಳಲ್ಲಿ ಎರಡು ನುಣ್ಣಗೆ ಬೋಳಾಗಿದ್ದವು. ಆದುದರಿಂದ ಈ ಎರವಲು. ಒಳಗಿನಿಂದ ಚಹಾ ತಂದ ನಮ್ಮಾಕೆಯ ಕಿವಿಗೆ ಈ ಮಾತು ಬಿತ್ತು.

“ತಮ್ಮಾ, ಪರೀಕ್ಷಾ ಯಾರದೋ? ನಿನ್ನ ಗಾಡೀದೋ, ಗೆಳ್ಯಾನ ಗಾಲೀದೋ?”

“ಕಾಕು, ಎಲ್ಲಾರೂ ಹಂಗ ಮಾಡ್ತಾರ. ಒಂದು ಮುಂಜಾನಿ ಕೆಲಸ.”

“ಒಂದು ಮುಂಜಾನೀದು ಆತು. ಉಳದ ಮುನ್ನೂರ ಅರವತ್ನಾಲ್ಕು ದಿವಸದ್ದು?”

ಅವನು ಚಹಾ ಕುಡಿದ, ಉತ್ತರ ಕೊಡಲಿಲ್ಲ. “ನಾಳೆ ನೀವೂ ಜೋಡಿ ಹೋಗ್ರಿ” ಎಂದು ನಮ್ಮಾಕೆ ನನಗೆ ಅಪ್ಪಣೆ ಮಾಡಿದಳು. ನಿವೃತ್ತನಾದವನಿಗೆ ಬೇರೆ ಕೆಲಸವೇನು? ಹೊರಟೆ.

ಪುಣೆಯ ಬಾಡಿಗೆ ಗಾಡಿಗಳ ಪರೀಕ್ಷೆ ಆಗ ನಡೆಯುತ್ತಿದ್ದುದು ಊರಿನಲ್ಲಿ ಅಲ್ಲ. ಸಾಸವಡದ ದಾರಿಯಲ್ಲಿ, ಘಾಟಿನ ಮೇಲಿನ ದಿವೆ ಎಂಬ ಹಳ್ಳಿಯ ಬಳಿ. ಇದಕ್ಕೂ ಒಂದು ಕಾರಣವಿದೆ. ಗಾಡಿಗಳನ್ನು ಓಡಿಸಿ ನೋಡದೆ, ಬ್ರೇಕು ಒತ್ತಿ ನೋಡದೆ ಸರ್ಟಿಫಿಕೇಟು ಕೊಡುವುದು ಸರಿಯಲ್ಲವೆಂದು ಪುಣೆಯ ನಾಗರಿಕರೊಬ್ಬರು ಮುಂಬಯಿ ಹೈಕೋರ್ಟಿನ ಬಾಗಿಲು ಬಡಿದರು. ೨೫೦ ಮೀಟರು ಉದ್ದದ ಪರೀಕ್ಷಾಪಥ ಇರಲೇಬೇಕೆಂದು ೨೦೧೬ರಲ್ಲಿ ನ್ಯಾಯಾಲಯ ಕಟ್ಟುನಿಟ್ಟು ಮಾಡಿತು. ಊರೊಳಗೆ ಅಷ್ಟು ಉದ್ದದ ನೇರ ಜಾಗ ಎಲ್ಲಿಂದ ಬರಬೇಕು? ಹೀಗಾಗಿ ಪರೀಕ್ಷೆಗೆ ಕೂಡುವ ಗಾಡಿ ಮೊದಲು ಒಂದು ಘಟ್ಟವನ್ನು ಏರಬೇಕು.

ಮುಂಜಾನೆ ಐದೂವರೆಗೆ ಹೊರಟೆವು. ಸ್ವಾರಗೇಟು ದಾಟಿ, ಕ್ಯಾಂಪಿನ ಅಂಚಿನಿಂದ ಸೋಲಾಪುರ ರಸ್ತೆ ಹಿಡಿದು ಹಡಪಸರಕ್ಕೆ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ತರಕಾರಿಯ ಟೆಂಪೋಗಳ ಸಾಲು. ಹಡಪಸರದಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದದ್ದು ಸೋಲಾಪುರಕ್ಕೆ, ಎಂದರೆ ಇವನ ಊರಿನ ಕಡೆಗೆ. ಬಲಕ್ಕೆ ತಿರುಗಿದ್ದು ಸಾಸವಡಕ್ಕೆ. ಆಷಾಢದಲ್ಲಿ ವಾರಕರಿಗಳ ಎರಡು ದೊಡ್ಡ ಪಾಲಖಿಗಳು ಅಗಲುವುದೂ ಇಲ್ಲಿಯೇ. ದೇಹೂವಿನಿಂದ ಬಂದ ತುಕಾರಾಮರ ಪಾಲಖಿ ಸೋಲಾಪುರದ ದಾರಿ ಹಿಡಿಯುತ್ತದೆ. ಆಳಂದಿಯಿಂದ ಬಂದ ಜ್ಞಾನೇಶ್ವರರ ಪಾಲಖಿ ದಿವೆ ಘಾಟು ಹತ್ತಿ ಸಾಸವಡಕ್ಕೆ ಹೋಗಿ ತಂಗುತ್ತದೆ. ಎರಡೂ ಕೊನೆಗೆ ಕೂಡುವುದು ಪಂಢರಪುರದಲ್ಲಿ. ಅಲ್ಲಿಯ ವಿಠ್ಠಲನನ್ನು ಜ್ಞಾನೇಶ್ವರರ ಹೆಸರಿನ ಅಭಂಗವೊಂದು ಕರ್ನಾಟಕದವನೆಂದೇ ಕರೆದಿದೆ. ಹೊಟ್ಟೆಪಾಡಿಗಾಗಿ ಈ ನಾಡಿಗೆ ಬಂದ ನಮ್ಮಂಥವರಿಗೆ ಅದೊಂದು ಸಮಾಧಾನದ ಮಾತು. ದೇವರೂ ಇಲ್ಲಿ ನಮ್ಮ ಹಾಗೆಯೇ ಬಂದು ನಿಂತವನು!

ವಡಕಿ ಗ್ರಾಮ ದಾಟಿದೊಡನೆ ಗುಡ್ಡ ಎದುರಾಯಿತು. ದಿವೆ ಘಾಟು ನಮ್ಮ ಪಶ್ಚಿಮ ಘಟ್ಟದ ಕಾಡುಘಟ್ಟಗಳ ಹಾಗಲ್ಲ. ಮರ ಕಡಿಮೆ, ಕಲ್ಲು ಹೆಚ್ಚು. ಬೇಸಗೆಯಲ್ಲಿ ಬೋಳಾದ ಕಂದುಗುಡ್ಡ. ಮಳೆ ಬಿದ್ದರೆ ಹಸಿರು ಹೊದಿಕೆ. ರಸ್ತೆ ಮಗ್ಗುಲು ಬದಲಿಸುತ್ತ ಏರುತ್ತದೆ. ಕೆಳಗೆ ಕಲ್ಲಿನ ಕಟ್ಟೆಗಳ ನಡುವೆ ಮಸ್ತಾನಿ ತಲಾವು ಕಾಣುತ್ತದೆ. ಬಾಜೀರಾಯನ ಕಾಲದ ಕೆರೆಯೆಂದು ಹೇಳುತ್ತಾರೆ. ಏಪ್ರಿಲಿನಲ್ಲಿ ಅದರ ತಳದ ಮಣ್ಣೇ ಹೆಚ್ಚು ಕಂಡಿತು.

ಇದೇ ತಿರುವುಗಳಲ್ಲಿ ಜ್ಞಾನೇಶ್ವರರ ಬೆಳ್ಳಿಯ ರಥ ಏರುವಾಗ ಎಂದಿನ ಎತ್ತಿನ ಜೋಡಿ ಸಾಲದೆಂದು ಹೆಚ್ಚಿನ ಜೋಡಿಗಳನ್ನು ಹೂಡುತ್ತಾರೆ. ನಮ್ಮ ಗಾಡಿಗೆ ಅಂಥ ನೆರವು ಬೇಕಾಗಲಿಲ್ಲ. ಎರಡನೆಯ ಗೇರಿನಲ್ಲಿ ಗುನುಗುತ್ತ, ಒಮ್ಮೆಯೂ ಮುಗ್ಗರಿಸದೆ ಮೇಲೆ ಬಂತು. “ನೋಡ್ರಿ ಕಾಕಾ, ಒಂಬತ್ತು ವರ್ಷದ ಗಾಡಿ! ಹೊಸಾ ಗಾಡಿಗಿಂತ ಚಲೋ ಏರತದ” ಎಂದು ಹುಡುಗ ಹೆಮ್ಮೆಪಟ್ಟ. ನನಗೂ ಹಾಗೆಯೇ ಅನಿಸಿತು. ಏರುವಾಗ ಎಲ್ಲ ಗಾಡಿಗಳೂ ಒಳ್ಳೆಯವೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಘಾಟಿನ ತಲೆಯ ಮೇಲೆ ಗಾಳಿ ತಂಪಾಗಿತ್ತು. ಅಲ್ಲಿಂದ ಪುರಂದರದ ಸೀಮೆ: ಅಂಜೂರದ ತೋಟ, ಸೀತಾಫಲದ ತೋಟ. ಪುರಂದರದ ಅಂಜೂರಕ್ಕೆ ೨೦೧೬ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ದಾರಿಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಗಳ ಹತ್ತಿರ ಒಂದಿಷ್ಟು ಕೊಂಡು ತಿನ್ನುತ್ತ ಪರೀಕ್ಷೆಯ ಜಾಗಕ್ಕೆ ಬಂದೆವು.

ನೋಡತಕ್ಕ ನೋಟ ಅದು. ಟ್ರಕ್ಕುಗಳು, ಶಾಲೆಯ ಬಸ್ಸುಗಳು, ನೀರಿನ ಟ್ಯಾಂಕರುಗಳು, ನಮ್ಮಂಥ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಒಬ್ಬ ಹೆಡ್‌ಲೈಟು ಒರೆಸುತ್ತಿದ್ದ. ಇನ್ನೊಬ್ಬ ಹೊಳೆಯುವ ಪಟ್ಟಿಯನ್ನು ಬೆನ್ನಿಗೆ ಅಂಟಿಸುತ್ತಿದ್ದ. ಮತ್ತೊಬ್ಬ ಪಕ್ಕದ ಗಾಡಿಯವನಿಂದ ವೈಪರಿನ ಬ್ಲೇಡು ಕೇಳಿ ಪಡೆದು ತನ್ನದಕ್ಕೆ ಸಿಕ್ಕಿಸಿದ; ತನ್ನ ಸರದಿ ಮುಗಿದೊಡನೆ ಅದನ್ನು ಬಿಚ್ಚಿ ಕೊಟ್ಟ. ಒಂದು ಗಾಡಿಯ ಹಾರ್ನು ಹೊಡೆಯಲೊಲ್ಲದು. ನಾಲ್ಕು ಮಂದಿ ಅದರ ಬಾನೆಟ್ಟಿನೊಳಗೆ ತಲೆ ಹಾಕಿದ್ದರು. ಶಾಲೆಯ ಅಂಗಳದಲ್ಲಿ ಗಂಟೆ ಹೊಡೆಯುವ ಮುನ್ನ ಮಕ್ಕಳು ಒಬ್ಬರ ಪುಸ್ತಕ ಒಬ್ಬರು ಇಣುಕುವ ಗಡಿಬಿಡಿಯೇ ಇದು. ಎರವಲು ಟೈರಿನವರು ನಾವೊಬ್ಬರೇ ಅಲ್ಲವೆಂದು ನನಗೆ ತಿಳಿಯಿತು. ಆದರೆ ಅದರಿಂದ ಸಮಾಧಾನವಾಗಲಿಲ್ಲ.

ಹತ್ತೂವರೆಗೆ ನಮ್ಮ ಸರದಿ. ಇನ್‌ಸ್ಪೆಕ್ಟರ್ ಸಾಹೇಬರು ಸಮಾಧಾನದ ಮನುಷ್ಯ, ಮಾತು ಕಡಿಮೆ. ಚಾಸಿಯ ನಂಬರು ಹೊಂದಿಸಿ ನೋಡಿದರು. ದೀಪ, ಇಂಡಿಕೇಟರು, ಹಾರ್ನು, ವೈಪರು, ಕನ್ನಡಿ, ಸೀಟಿನ ಪಟ್ಟಿ, ಸ್ಟೇರಿಂಗಿನ ಸಡಿಲು ಎಲ್ಲ ಒಂದೊಂದಾಗಿ ಆಯಿತು. ಟೈರನ್ನು ಬಗ್ಗಿ ನೋಡಿ “ಠೀಕ್” ಅಂದರು. ಹುಡುಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ಅಂಜೂರದ ಪೊಟ್ಟಣ ನೋಡುತ್ತ ನಿಂತೆ.

ಕೊನೆಯದು ಬ್ರೇಕು. ಪಥದ ಮೇಲೆ ಗಾಡಿಯನ್ನು ವೇಗವಾಗಿ ತಂದು, ಗುರುತಿನ ಹತ್ತಿರ ಒಮ್ಮೆಲೆ ಬ್ರೇಕು ಒತ್ತಬೇಕು. ಗಾಡಿ ಗೊತ್ತಾದ ಅಂತರದೊಳಗೆ ನಿಲ್ಲಬೇಕು, ನೇರವಾಗಿ ನಿಲ್ಲಬೇಕು. ಹುಡುಗ ಬಂದ, ಒತ್ತಿದ. ಗಾಡಿ ನಿಂತಿತು, ಆದರೆ ಮೂಗನ್ನು ಎಡಕ್ಕೆ ತಿರುಗಿಸಿ, ಕರು ಹಗ್ಗ ಜಗ್ಗಿದ ಹಾಗೆ, ಒಂದು ಮಾರು ಪಕ್ಕಕ್ಕೆ ಹೋಗಿ ನಿಂತಿತು. ಸಾಹೇಬರು ಇನ್ನೊಮ್ಮೆ ಮಾಡಿಸಿದರು. ಇನ್ನಷ್ಟು ಎಡಕ್ಕೆ ಹೋಯಿತು. ಅವರು ಕಾಗದದ ಮೇಲೆ ಗೀಟು ಎಳೆದರು.

ಹುಡುಗ ಮುಖ ಸಣ್ಣದು ಮಾಡಿಕೊಂಡು ಏನೋ ವಿನಂತಿ ಮಾಡತೊಡಗಿದ. ಸಾಹೇಬರು ಅವನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ನನ್ನ ನರೆತ ತಲೆ ನೋಡಿಯೋ ಏನೋ, ನನ್ನನ್ನೇ ಮರಾಠಿಯಲ್ಲಿ ಕೇಳಿದರು: “ಅಜೋಬಾ, ಈಗ ಇದೇ ಗಾಡಿಯಲ್ಲಿ ಕೂತು ನೀವು ಘಾಟು ಇಳಿಯುತ್ತೀರೇನು?”

ಅದೊಂದೇ ಪ್ರಶ್ನೆ. ಬೆಳಿಗ್ಗೆ ಏರಿ ಬಂದ ತಿರುವುಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಈ ಸಲ ಮೇಲಿನಿಂದ ಕೆಳಕ್ಕೆ. ಅದರ ಹಿಂದೆಯೇ ಇನ್ನೊಂದು ನೋಟ ಬಂತು. ಮರುವಾರ, ಪಂಢರಪುರದಿಂದ ತಿರುಗಿ ಬರುವ ಸಂಜೆ, ಕತ್ತಲಾಗಿದೆ, ಹಿಂದಿನ ಸೀಟಿನಲ್ಲಿ ದಣಿದು ತೂಕಡಿಸುವ ಮೂವರು ಹೆಣ್ಣುಮಕ್ಕಳು, ಅವರಲ್ಲಿ ಒಬ್ಬಳು ನನ್ನಾಕೆ. ನನ್ನ ಕಾಲು ನಡುಗಿತೆಂದು ಹೇಳಲು ನನಗೆ ನಾಚಿಕೆಯಿಲ್ಲ. “ಇಲ್ಲ ಸಾಹೇಬ” ಎಂದೆ. “ಹಾಗಾದರೆ ಸಾವಕಾಶವಾಗಿ ಸಾಸವಡಕ್ಕೆ ಹೋಗಿರಿ. ಆ ಕಡೆ ಇಳಿಜಾರಿಲ್ಲ. ಗ್ಯಾರೇಜು ಸಿಗುತ್ತದೆ” ಎಂದು ಅವರು ಮುಂದಿನ ಗಾಡಿಗೆ ನಡೆದರು.

ಸಾಸವಡ ಕೆಲವೇ ಮೈಲು. ಆ ಕೆಲವು ಮೈಲು ನಾವಿಬ್ಬರೂ ಮಾತಾಡಲಿಲ್ಲ. ಊರಿನ ಹೊರಗೆ ಒಂದು ಬೇವಿನ ಮರದ ಕೆಳಗೆ ಸಣ್ಣ ಗ್ಯಾರೇಜು ಸಿಕ್ಕಿತು. ಮಿಸ್ತ್ರಿ ಬಲಗಡೆಯ ಹಿಂದಿನ ಗಾಲಿ ಬಿಚ್ಚಿ, ಡ್ರಮ್ಮು ತೆಗೆದು, ನಮ್ಮನ್ನು ಕರೆದು ತೋರಿಸಿದ. ಒಳಗೆ ಎಲ್ಲ ಒದ್ದೆ. ಬ್ರೇಕು ಒತ್ತಿದಾಗ ಎಣ್ಣೆಯ ಒತ್ತಡದಿಂದ ಅರಳಿ ಲೈನರುಗಳನ್ನು ಡ್ರಮ್ಮಿಗೆ ಒತ್ತುವ ಒಂದು ಸಣ್ಣ ಸಿಲಿಂಡರು ಪ್ರತಿ ಹಿಂಗಾಲಿಯಲ್ಲಿಯೂ ಇರುತ್ತದೆ. ಅದರೊಳಗಿನ ರಬ್ಬರಿನ ಬಟ್ಟಲು ಹಳತಾಗಿ ಸೀಳಿತ್ತು. ಎಣ್ಣೆ ಜಿನುಗಿ ಲೈನರಿಗೆ ಹತ್ತಿತ್ತು. ಎಣ್ಣೆ ಹತ್ತಿದ ಲೈನರು ಹಿಡಿಯುವುದುಂಟೆ? ಬಲಗಾಲಿ ಜಾರುತ್ತಿತ್ತು, ಎಡಗಾಲಿ ಹಿಡಿಯುತ್ತಿತ್ತು. ಅದಕ್ಕೇ ಗಾಡಿ ಎಡಕ್ಕೆ ಎಳೆದದ್ದು.

“ಗಾಡಿಗೆ ವಯಸ್ಸಾಗಿಲ್ಲ, ಕಾಕಾ. ರಬ್ಬರಿಗೆ ಆಗಿದೆ” ಎಂದ ಮಿಸ್ತ್ರಿ. ಆ ರಬ್ಬರಿನ ಬಟ್ಟಲನ್ನು ನನ್ನ ಅಂಗೈ ಮೇಲೆ ಇಟ್ಟ. ನಮ್ಮ ಹಳೆಯ ನಾಲ್ಕಾಣೆಯಷ್ಟು ಅಗಲವೂ ಇರಲಿಲ್ಲ.

ಬ್ರೇಕಿನ ಎಣ್ಣೆಯ ವಿಷಯವನ್ನೂ ಆತ ತಿಳಿಸಿ ಹೇಳಿದ. ಆ ಎಣ್ಣೆ ಗಾಳಿಯೊಳಗಿನ ತೇವವನ್ನು ಹೀರುತ್ತ ಹೋಗುತ್ತದೆ. ತೇವ ಕೂಡಿದಷ್ಟೂ ಬೇಗ ಕುದಿಯುತ್ತದೆ. ಉದ್ದ ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕು ಒತ್ತಿದರೆ ಗಾಲಿಗಳು ಕಾದು, ಎಣ್ಣೆ ಕುದಿದು, ನಳಿಗೆಯಲ್ಲಿ ಗುಳ್ಳೆಯೇಳುತ್ತದೆ. ಆಗ ಪೆಡಲು ಮೆತ್ತಗಾಗಿ ತಳ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುವುದು ಲೇಸು. ಇಳಿಯುವಾಗ ಏರಿದ ಗೇರಿನಲ್ಲೇ ಇಳಿದು, ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯಬೇಕು. ನಮ್ಮ ಗಾಡಿಯ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಮಿಸ್ತ್ರಿ ಕೆಲಸಕ್ಕೆ ಕೂತಾಗ ನಾವಿಬ್ಬರೂ ಸೋಪಾನದೇವರ ಸಮಾಧಿಯ ದರ್ಶನಕ್ಕೆ ಹೋದೆವು. ಜ್ಞಾನೇಶ್ವರರ ತಮ್ಮನಾದ ಸೋಪಾನದೇವರು ಸಮಾಧಿ ಹೊಂದಿದ್ದು ಸಾಸವಡದಲ್ಲಿ. ಹಳೆಯ ಕಲ್ಲಿನ ಮಂಟಪ. ಒಳಗೆ ತಣ್ಣಗಿನ ನೆಲ. ಮಧ್ಯಾಹ್ನದ ಹೊತ್ತು, ಜನವಿರಲಿಲ್ಲ. ಅಲ್ಲಿ ಕಂಬಕ್ಕೆ ಒರಗಿ ಕುಳಿತಾಗ ಹುಡುಗ ತಾನಾಗಿಯೇ ಬಾಯಿ ಬಿಟ್ಟ.

“ನನಗ ಗೊತ್ತಿತ್ತು ಕಾಕಾ. ಎರಡು ತಿಂಗಳಿಂದ ಎಣ್ಣಿ ಕಡಿಮಿ ಆಗ್ತಿತ್ತು. ಡಿಕ್ಕೀಯೊಳಗ ಒಂದು ಬಾಟ್ಲಿ ಇಟಗೊಂಡು ಹಾಕ್ಕೋತ ಬಂದೆ.”

“ತೋರಸಲಿಲ್ಲ ಯಾಕ?”

“ಗಾಡಿ ಒಂದು ದಿವಸ ನಿಂತರ ಅವತ್ತಿನ ದುಡಿಮಿ ಹೋತು. ಹಪ್ತೆ ಅಂತೂ ನಿಲ್ಲೂದಿಲ್ಲ. ಪಾಸಿಂಗ್ ಆಗಿಬಿಟ್ರ ಆಮ್ಯಾಲ ಸಾವಕಾಶ ಮಾಡಿಸಿದರಾತು ಅಂದ್ಕೊಂಡೆ.”

ಸಿಟ್ಟು ಮಾಡಬೇಕೆಂದಿದ್ದೆ. ಆದರೆ ಸಿಟ್ಟು ಮಾಡಲು ನನಗೇನು ಹಕ್ಕು? ಹೊಳೆಯುವ ಬಣ್ಣವನ್ನೂ ಮೊಹರನ್ನೂ ನೋಡಿ, ಗಾಡಿ ಕೊಳ್ಳೆಂದು ತಲೆಯಾಡಿಸಿದವನು ನಾನೇ. ನಿನ್ನೆ ಸಂಜೆ ಎರವಲು ಟೈರಿನ ಮಾತು ಕೇಳಿ ಸುಮ್ಮನಿದ್ದವನೂ ನಾನೇ. ಪ್ರಶ್ನೆ ಕೇಳಿದವಳು ನಮ್ಮ ಮನೆಯಲ್ಲಿ ಒಬ್ಬಳು ಮಾತ್ರ.

ಆ ದಿನದ ಲೆಕ್ಕವನ್ನು ನಾನು ಹೀಗೆ ಹಾಕಿಕೊಂಡಿದ್ದೇನೆ. ಟೈರಿನ ವಿಷಯದಲ್ಲಿ ನಾವು ಪರೀಕ್ಷೆಗೆ ಮೋಸ ಮಾಡಿದೆವು, ಅದು ನಡೆಯಿತು. ಬ್ರೇಕಿನ ವಿಷಯದಲ್ಲಿಯೂ ಮೋಸ ಮಾಡಲು ನೋಡಿದೆವು, ಅದು ನಡೆಯಲಿಲ್ಲ. ನಡೆಯದೆ ಹೋದದ್ದೇ ನಮ್ಮ ಪುಣ್ಯ. ಸಾಹೇಬರು ನೋಡುವುದು ಆ ದಿನ, ಆ ಗಳಿಗೆ, ಆ ಗಾಡಿ ಹೇಗಿದೆಯೆಂಬುದನ್ನು. ನಾಳೆ ಹೇಗಿರುತ್ತದೆಂದು ಅವರು ಬರೆದುಕೊಡಲಾರರು. ವೈದ್ಯರು ನಾಡಿ ಹಿಡಿದು ‘ಚೆನ್ನಾಗಿದೆ’ ಎಂದರೆ ಮನೆಗೆ ಬಂದು ಹುಳಿಮಜ್ಜಿಗೆ ಕುಡಿಯಬಹುದೆಂದು ಅರ್ಥವೆ?

ಇಂಗ್ಲೆಂಡಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ರಜೆಗೆ ಬಂದಾಗ ಅಲ್ಲಿಯ ಪದ್ಧತಿ ಹೇಳಿದರು. ಅಲ್ಲಿ ಸ್ವಂತ ಕಾರಿಗೂ ಪ್ರತಿ ವರ್ಷ ಪರೀಕ್ಷೆಯುಂಟು, ‘ಎಂ.ಓ.ಟಿ.’ ಎನ್ನುತ್ತಾರೆ. ೧೯೬೦ರಲ್ಲಿ ಆರಂಭವಾದಾಗ ಅದು ಹತ್ತು ವರ್ಷ ತುಂಬಿದ ಗಾಡಿಗಳಿಗೆ ಮಾತ್ರ ಇತ್ತು. ೧೯೬೭ರಿಂದ ಮೂರು ವರ್ಷ ತುಂಬಿದವಕ್ಕೆ. ನನಗೆ ಹಿಡಿಸಿದ ಸಂಗತಿ ಇನ್ನೊಂದು. ಹಳೆಯ ಕಾರು ಕೊಳ್ಳುವವನು ಅದರ ನಂಬರು ಹಾಕಿ, ಹಿಂದಿನ ವರ್ಷಗಳಲ್ಲಿ ಅದು ಯಾವ ಯಾವ ಪರೀಕ್ಷೆಯಲ್ಲಿ ಏಕೆ ನಪಾಸಾಯಿತು, ಆಗ ಎಷ್ಟು ಮೈಲು ಓಡಿತ್ತು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಬಹುದಂತೆ. ನಮ್ಮಲ್ಲಿ ಫೋನಿನಲ್ಲಿ ಗಾಡಿಯ ನಂಬರು ಹಾಕಿದರೆ ಫಿಟ್‌ನೆಸ್ಸು, ವಿಮೆ ಯಾವ ತಾರೀಖಿನವರೆಗೆ ಇವೆಯೆಂದು ತಿಳಿಯುತ್ತದೆ. ಕೊಳ್ಳುವವನಿಗೆ ಬೇಕಾದದ್ದು ತಾರೀಖಿಗಿಂತ ಹೆಚ್ಚಾಗಿ ಚರಿತ್ರೆ. ೨೦೨೧ರಲ್ಲಿ ಕೇಂದ್ರ ಸರಕಾರ ಯಂತ್ರಗಳಿಂದಲೇ ಗಾಡಿ ಪರೀಕ್ಷಿಸುವ ಕೇಂದ್ರಗಳಿಗಾಗಿ ನಿಯಮ ಮಾಡಿತು. ಉರುಳೆಗಳ ಮೇಲೆ ಗಾಲಿಗಳನ್ನು ತಿರುಗಿಸಿ ಒಂದೊಂದರ ಬ್ರೇಕಿನ ಬಲವನ್ನು ಅಳೆಯ ಬಲ್ಲ ಯಂತ್ರಗಳವು. ಒಳ್ಳೆಯದೇ. ಆದರೆ ಗೆಳೆಯನ ಟೈರು ಯಾವುದು, ತನ್ನ ಟೈರು ಯಾವುದು ಎಂಬುದನ್ನು ಯಂತ್ರಕ್ಕೆ ಯಾರು ಹೇಳಬೇಕು?

ಪುಣೆಯ ಕನ್ನಡಿಗರಲ್ಲಿ ಮೋಟಾರಿನ ಮಾತು ಬಂದರೆ ಪಂಡಿತ ಭೀಮಸೇನ ಜೋಶಿಯವರ ನೆನಪಾಗದೆ ಇರದು. ೧೯೨೨ರಲ್ಲಿ ಗದಗಿನಲ್ಲಿ ಹುಟ್ಟಿ, ಈ ಊರಲ್ಲಿ ಬಾಳಿ, ೨೦೧೧ರಲ್ಲಿ ಇಲ್ಲಿಯೇ ತೀರಿದರು. ಕಚೇರಿಗಳಿಗೆ ದೂರ ದೂರದ ಊರುಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಯಂತ್ರದ ಮರ್ಮವನ್ನೂ ಬಲ್ಲವರಾಗಿದ್ದರು. ತಂಬೂರಿಯ ತಂತಿ ಕೂದಲೆಳೆಯಷ್ಟು ಇಳಿದರೂ ಕೇಳುವ ಕಿವಿಗೆ ಎಂಜಿನ್ನಿನ ಅಪಸ್ವರ ಕೇಳದಿರುತ್ತದೆಯೆ? ನಮಗೆ ಅಂಥ ಕಿವಿ ಎಲ್ಲಿಂದ ಬರಬೇಕು! ಆದರೆ ಕೇಳಿದ ಅಪಸ್ವರವನ್ನು ಕೇಳಿಲ್ಲವೆಂದು ನಟಿಸದೆ ಇರುವುದು ನಮ್ಮ ಕೈಯಲ್ಲಿಯೇ ಇದೆ.

ಮಿಸ್ತ್ರಿ ಎರಡೂ ಹಿಂಗಾಲಿಗಳ ಸಿಲಿಂಡರು, ಲೈನರು ಬದಲಿಸಿ, ಹಳೆಯ ಎಣ್ಣೆ ಚೆಲ್ಲಿ ಹೊಸದು ತುಂಬಿ, ಗಾಡಿಯನ್ನು ಓಡಿಸಿ ತೋರಿಸಿದ. ಸಂಜೆ ಎರಡನೆಯ ಗೇರಿನಲ್ಲಿ ಘಾಟು ಇಳಿದು ಮನೆಗೆ ಬಂದೆವು. ನಡೆದದ್ದನ್ನೆಲ್ಲ ಹುಡುಗ ತಾನೇ ಕಾಕುವಿಗೆ ಹೇಳಿದ. ಅವಳು ಒಳಗೆ ಹೋಗಿ ತನ್ನ ಭಿಶಿಯ ಹಣ ತಂದು ಅವನ ಕೈಯಲ್ಲಿಟ್ಟಳು. “ಇದು ಟೈರಿಗೆ. ದಾನ ಅಲ್ಲ, ಸಾಲ. ತಿಂಗಳಿಗಿಷ್ಟು ಅಂತ ಕೊಡಬೇಕು.” ಇನ್ನೊಂದು ಕೈಯಲ್ಲಿ ಒಂದು ನೂರು ಪುಟದ ವಹಿ. “ಇದರಾಗ ಗಾಡೀದು ಬರಿ. ಎಂದು ಏನು ಮಾಡಿಸಿದಿ, ಎಷ್ಟು ಕಿಲೋಮೀಟರಿಗೆ, ಎಷ್ಟು ಹಣಕ್ಕ. ಮಾಡಸಬೇಕಾಗಿ ಮಾಡಸದೆ ಬಿಟ್ಟದ್ದೂ ಬರಿ.”

ಮರುದಿನ ನಾನಾ ಪೇಟೆಯ ಅಂಗಡಿ ಸಾಲಿನಲ್ಲಿ ತಿರುಗಾಡಿ ಎರಡು ಟೈರು ಕೊಂಡೆವು. ಉಳಿದೆರಡು ಅವನವೇ ಇನ್ನೂ ನಡೆಯುವಂತಿದ್ದವು. ಗೆಳೆಯನ ಟೈರು ಗೆಳೆಯನಿಗೆ ಹೋದವು. ನಾಲ್ಕು ದಿನದ ಮೇಲೆ ಮತ್ತೆ ದಿವೆಗೆ ಹೋದಾಗ ಗಾಡಿ ಗುರುತಿನ ಹತ್ತಿರ ಗೆರೆ ಎಳೆದ ಹಾಗೆ ನಿಂತಿತು. ಸಾಹೇಬರು ಬೇರೆಯವರಿದ್ದರು. ಮೊದಲಿನವರಿಗೆ ಒಂದು ನಮಸ್ಕಾರ ಹೇಳಬೇಕೆಂದಿದ್ದೆ. ಅದು ಉಳಿದೇ ಹೋಯಿತು.

ಪಂಢರಪುರದ ಯಾತ್ರೆ ಆಯಿತು. ಜೇಜೂರಿಯ ಮೆಟ್ಟಿಲುಗಳ ಮೇಲೆ ಅರಿಸಿನದ ಭಂಡಾರದಲ್ಲಿ ಎಲ್ಲರೂ ಮಿಂದರು. ಗಾಡಿಯ ಬಾನೆಟ್ಟಿಗೂ ಒಂದು ಮುಷ್ಟಿ ಬಿತ್ತು. ಫಲಟಣ, ಮಾಳಶಿರಸ ದಾಟಿ, ಚಂದ್ರಭಾಗೆಯಲ್ಲಿ ಕಾಲು ತೊಳೆದು ದರ್ಶನ ಮಾಡಿದೆವು. ಮುಂದಿನ ಸೀಟಿನಲ್ಲಿ ನಾನೂ ಇದ್ದೆನೆಂದು ಬೇರೆ ಹೇಳಬೇಕಾಗಿಲ್ಲ. ತಿರುಗಿ ಬರುವಾಗ ನಾನು ನೆನೆದು ನಡುಗಿದ ಹೊತ್ತೇ ಆಗಿತ್ತು. ದಿವೆ ಘಾಟಿನ ತಲೆಯ ಮೇಲೆ ಕತ್ತಲು. ಹಿಂದೆ ಮೂವರೂ ತೂಕಡಿಸುತ್ತಿದ್ದರು. ಹುಡುಗ ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದ. ಒಂದೊಂದು ಗಾಲಿಯ ಹತ್ತಿರವೂ ಅಂಗೈಯ ಹಿಂಬದಿ ಹಿಡಿದು ಕಾವು ನೋಡಿದ. ಜ್ವರ ಬಂದ ಕೂಸಿನ ಹಣೆ ನೋಡುವ ಹಾಗೆ. ಎಚ್ಚರವಾದ ನಮ್ಮಾಕೆ “ಯಾಕ ನಿಂತ್ಯೋ ತಮ್ಮಾ?” ಎಂದಳು. “ಏನಿಲ್ಲ ಕಾಕು, ಸುಮ್ಮನ” ಎಂದು ಬಂದು ಕೂತು, ಎರಡನೆಯ ಗೇರಿಗೆ ಹಾಕಿದ. ಕೆಳಗೆ ಹಡಪಸರದ ದೀಪಗಳು ಕಾಣುತ್ತಿದ್ದವು.

ಆ ಗಾಡಿ ಇನ್ನೂ ನಾಲ್ಕು ವರ್ಷ ದುಡಿಯಿತು. ೨೦೨೩ರಲ್ಲಿ ಅವನು ಅದನ್ನು ಮಾರಿದಾಗ ಕೊಳ್ಳುವವನ ಎದುರಿಗೆ ಸರ್ಟಿಫಿಕೇಟಿನ ಜೊತೆಗೆ ವಹಿಯನ್ನೂ ಇಟ್ಟ. ಪುಟಗಳು ಎಣ್ಣೆಗೈಯಿಂದ ಕಪ್ಪಾಗಿದ್ದವು. ಗೇರಿನ ಪೆಟ್ಟಿಗೆಯಲ್ಲಿ ಒಂದು ಶಬ್ದವಿದೆ, ಮಾಡಿಸಿಲ್ಲ ಎಂಬುದೂ ಅದರಲ್ಲಿ ಬರೆದಿತ್ತು. ಕೊಳ್ಳುವವನು ಅದನ್ನು ಓದಿ ಬೆಲೆಯಲ್ಲಿ ಸ್ವಲ್ಪ ಇಳಿಸಿದ. ಆದರೆ ಮರುಮಾತಿಲ್ಲದೆ ಕೊಂಡ. ಆಮೇಲೆ ನಮ್ಮ ಹುಡುಗ ತಾನೂ ಇನ್ನೊಂದು ಹಳೆಯ ಗಾಡಿ ನೋಡಲು ಹೋದ. ಮಾರುವವನು ಬಣ್ಣ ತೋರಿಸಿದ, ಸೀಟು ತೋರಿಸಿದ, ಮೊಹರು ತೋರಿಸಿದ. “ವಹಿ ಎಲ್ಲಿ?” ಎಂದು ಇವನು ಕೇಳಿದ. ಅಂಥದೇನೂ ಇರಲಿಲ್ಲ. ಬರುವ ದಾರಿಯಲ್ಲಿ ಹೊಸದೊಂದು ನೂರು ಪುಟದ್ದು ಕೊಂಡು ತಂದು, ಗಾಡಿಯನ್ನು ಮೊದಲು ಮಿಸ್ತ್ರಿಯ ಹತ್ತಿರ ಒಯ್ದು, ನಾಲ್ಕೂ ಗಾಲಿ ಬಿಚ್ಚಿಸಿದ. ಮೊದಲನೆಯ ಪುಟದಲ್ಲಿ ಮೊದಲನೆಯ ಸಾಲು ಬ್ರೇಕಿನದೇ.